ತೋಟದ ಲೆಕ್ಕ

ಕನ್ನಡ ಪಾಠ ಹೇಳಿಕೊಂಡು ಬಾಳುವೆ ನಡೆಸುವವನೊಬ್ಬನು ಗ್ರೀಸ್ ದೇಶದ ದ್ರಾಕ್ಷಿತೋಟದ ವಿಚಾರವನ್ನು ಬರೆಯಹೊರಟರೆ, ಇವನಿಗೇಕೆ ಈ ಉಸಾಬರಿ ಎಂದು ಓದುಗರು ಕೇಳುವುದು ಸಹಜವೇ. ಉತ್ತರವಾಗಿ ಒಂದು ಹಳೆಯ ಪ್ರಹಸನವನ್ನು ನೆನೆಯುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, ಕ್ರಿಸ್ತಶಕ 2ನೆಯ ಶತಮಾನದ್ದೆಂದು ಎಣಿಸಲಾದ ಪಪೈರಸ್ ಒಂದರಲ್ಲಿ, ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಗ್ರೀಕ್ ಹೆಣ್ಣೊಬ್ಬಳ ಕಥೆಯಿದೆ. ಅವಳನ್ನು ಬಿಡಿಸಲು ಬಂದವರು ಅಲ್ಲಿಯ ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾಮದ್ಯವನ್ನು ಕುಡಿಸಿ, ಅವರು ಮೈಮರೆತ ಹೊತ್ತಿನಲ್ಲಿ ಹಡಗು ಹತ್ತುತ್ತಾರೆ. ಆ ಅರಸನ ಬಾಯಲ್ಲಿ ಬರುವ ಮಾತು ಕನ್ನಡವೆಂದು ಹುಲ್ಟ್‌ಷ್ ಎಂಬ ವಿದ್ವಾಂಸರು 1904ರಲ್ಲಿ ವಾದಿಸಿದರು, ನಮ್ಮ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು, ಅಲ್ಲವೆನ್ನುವವರೂ ಇದ್ದಾರೆ.

ಕೆಲವು ವರ್ಷಗಳ ಹಿಂದೆ ಯೋಗಾಭ್ಯಾಸಕ್ಕೆಂದು ಮೈಸೂರಿಗೆ ಬಂದು, ನನ್ನಲ್ಲಿ ಒಂದಿಷ್ಟು ಕನ್ನಡವನ್ನೂ ಕಲಿತ ಗ್ರೀಕ್ ತರುಣನೊಬ್ಬನಿಗೆ ಈ ಕಥೆಯನ್ನು ಹೇಳಿದೆ. ಅವನು ನಕ್ಕು, "ಹಾಗಾದರೆ ನಿಮ್ಮವರಿಗೆ ನಾವು ಮೋಸಮಾಡಿದ ಹಾಗಾಯಿತು, ಮೇಷ್ಟ್ರೇ. ಒಮ್ಮೆ ನಮ್ಮ ತೋಟಕ್ಕೆ ಬನ್ನಿ, ನೀರು ಬೆರೆಸಿಯೇ ಕೊಡುತ್ತೇವೆ" ಎಂದನು. ಹಾಗೆ ನಗೆಮಾತಿನಲ್ಲಿ ಬಂದ ಕರೆಯನ್ನು ನಾನು ನಿಜವಾಗಿ ಹಿಡಿದುಕೊಂಡು, 2024ರ ನವೆಂಬರಿನಲ್ಲಿ ಹನ್ನೆರಡು ದಿನ ಅವನ ತಂದೆಯ ಮನೆಯಲ್ಲಿ ಇದ್ದು ಬಂದೆ.

ಅವರ ಊರು ದಕ್ಷಿಣ ಗ್ರೀಸಿನ ಮೆಸ್ಸೀನಿಯಾ ಸೀಮೆಯಲ್ಲಿ, ಕಲಮಾತಾ ಪಟ್ಟಣದಿಂದ ಒಂದು ಗಂಟೆಯ ದಾರಿ. ದೂರದಲ್ಲಿ ಮೂಡಣಕ್ಕೆ ತೈಗೆತೊಸ್ ಪರ್ವತದ ಸಾಲು. ಕೆಳಗೆ ತಗ್ಗಿನಲ್ಲಿ ಕಡಲು. ಆ ದೇಶದಲ್ಲಿ ನೆಲವನ್ನು ಸ್ತ್ರೇಮ್ಮ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಸ್ತ್ರೇಮ್ಮವೆಂದರೆ 1000 ಚದರ ಮೀಟರು, ನಮ್ಮ ಹತ್ತು ಗುಂಟೆಗೆ ತುಸು ಕಡಿಮೆ. ಆ ಮನೆಗೆ ಇರುವುದು ಹದಿನಾಲ್ಕು ಸ್ತ್ರೇಮ್ಮ. ಎಂದರೆ ಸುಮಾರು ಮೂರೂವರೆ ಎಕರೆ. ಅದೂ ಒಂದೇ ಕಡೆಯಲ್ಲಿ ಇಲ್ಲ. ತಲೆಮಾರಿನಿಂದ ತಲೆಮಾರಿಗೆ ಮಕ್ಕಳಿಗೆಲ್ಲ ಹಂಚುತ್ತ ಬಂದು, ಐದು ತುಂಡಾಗಿ, ಗುಡ್ಡದ ಇಳಿಜಾರಿನಲ್ಲಿ ಚದರಿಕೊಂಡಿದೆ. ಎರಡು ತುಂಡಿನಲ್ಲಿ ದ್ರಾಕ್ಷಿ, ಮೂರರಲ್ಲಿ ಆಲಿವ್. ಆಲಿವ್ ಮರಕ್ಕೆ ನಮ್ಮ ನುಡಿಯಲ್ಲಿ ಹುಟ್ಟುಹೆಸರಿಲ್ಲ. ಕನ್ನಡದ ಬೈಬಲ್ ಅದನ್ನು ಎಣ್ಣೆಮರವೆಂದು ಕರೆಯಿತು. ಆ ಮಾತು ನನಗೆ ಪ್ರಿಯವಾದುದರಿಂದ ಇಲ್ಲಿ ಅದನ್ನೇ ಬಳಸುತ್ತೇನೆ.

ನಾನು ಹೋದದ್ದು ಎಣ್ಣೆಮರದ ಸುಗ್ಗಿಯ ಕಾಲ. ಮರದ ಬುಡದಲ್ಲಿ ಹಸಿರು ಬಲೆಗಳನ್ನು ಹಾಸಿ, ಕೊಂಬೆಗಳನ್ನು ಹಣಿಗೆಯಂತಹ ಸಲಕರಣೆಯಿಂದ ಬಾಚಿ ಕಾಯಿ ಉದುರಿಸುತ್ತಾರೆ. ಎಪ್ಪತ್ತಾರು ವರ್ಷದ ತಂದೆಯವರು ಕೈಹಣಿಗೆಯನ್ನೇ ನೆಚ್ಚಿಕೊಂಡಿದ್ದರು. ಮಗನ ಕೈಯಲ್ಲಿ ಕೊಂಬೆಯನ್ನು ನಡುಗಿಸುವ ಯಂತ್ರದ ಕೋಲು ಇದ್ದಿತು. ಆ ಸೀಮೆಯ ಕೊರೊನೇಕಿ ಎಂಬ ಜಾತಿಯ ಕಾಯಿ ನಮ್ಮ ಕಾಡುನೇರಳೆಗಿಂತಲೂ ಸಣ್ಣದು, ಬಾಯಿಗಿಟ್ಟರೆ ವಿಷದಂತೆ ಕಹಿ. ಆದರೆ ಎಣ್ಣೆಗೆ ಅದಕ್ಕೆ ಬಹಳ ಹೆಸರು. ಕೊಯ್ದ ಕಾಯಿಯನ್ನು ತಡಮಾಡದೆ ಅರೆಸಬೇಕು. ಚೀಲದಲ್ಲಿ ಬಿಸಿಯೇರಿದರೆ ಎಣ್ಣೆ ಹುಳಿಯಾಗುತ್ತದೆ. ಆದುದರಿಂದ ರಾತ್ರಿಯೇ ಗಾಣಕ್ಕೆ ಹೊರಡಬೇಕು. ಅಲ್ಲಿ ಸರದಿಗಾಗಿ ಕಾಯುತ್ತ ಕುಳಿತ ಒಕ್ಕಲುಗಳ ಮಾತು, ನಗೆ, ಆವಿ, ವಾಸನೆಗಳ ನಡುವೆ ನನಗೆ ನಮ್ಮ ಮಲೆನಾಡಿನ ಆಲೆಮನೆಯೇ ಕಣ್ಣಿಗೆ ಕಟ್ಟಿತು. ಐದು ಕಿಲೋ ಕಾಯಿಗೆ ಒಂದು ಕಿಲೋ ಎಣ್ಣೆ ಬಂದರೆ ಒಳ್ಳೆಯ ಲೆಕ್ಕ. ಗಾಣದವರು ತಮ್ಮ ಕೂಲಿಯನ್ನು ಎಣ್ಣೆಯ ಪಾಲಾಗಿಯೇ ಹಿಡಿದುಕೊಳ್ಳುವುದುಂಟು. ಕೊಳವೆಯಿಂದ ಇಳಿದ ಹಸಿರು ಎಣ್ಣೆಗೆ ರೊಟ್ಟಿಯನ್ನು ಅದ್ದಿ ಆ ಹಿರಿಯರು ನನ್ನ ಕೈಗೆ ಕೊಟ್ಟರು. ಮೆಣಸು ತಿಂದಂತೆ ಗಂಟಲು ಉರಿಯಿತು, ನಾನು ಕೆಮ್ಮಿದೆ. ಹೊಸ ಎಣ್ಣೆಗೆ ಕೆಮ್ಮು ಬಂದರೇನೇ ಅದು ಎಣ್ಣೆ ಎಂದು ಸುತ್ತಲಿದ್ದವರೆಲ್ಲ ಸಂತೋಷಪಟ್ಟರು.

ಅವರ ಸಂತೋಷಕ್ಕೆ ಕಾರಣವಿದ್ದಿತು. ಹಿಂದಿನ ವರ್ಷ, 2023ರಲ್ಲಿ, ಗ್ರೀಸಿನ ಸುಗ್ಗಿ ಸೋತಿತ್ತು. ಎಣ್ಣೆಮರಕ್ಕೆ ಹೂ ಬಿಡಲು ಒಂದಿಷ್ಟು ಚಳಿ ಬೇಕು. ಆ ಚಳಿಗಾಲ ಬೆಚ್ಚಗೆ ಕಳೆಯಿತು, ಹೂ ಬರಲಿಲ್ಲ. ಮಾರುಕಟ್ಟೆಯಲ್ಲಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಸಣ್ಣ ಒಕ್ಕಲಿನ ಮನೆಯಲ್ಲಿ ಮಾರಲು ಎಣ್ಣೆಯಿರಲಿಲ್ಲ. ಬೆಳೆಯಿಲ್ಲದ ವರ್ಷ ಬೆಲೆ, ಬೆಲೆಯಿಲ್ಲದ ವರ್ಷ ಬೆಳೆ: ಇದನ್ನು ನಮ್ಮ ರೈತರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ವರ್ಷದ ಉಳಿದ ಕೆಲಸಗಳನ್ನು ಸಂಜೆ ಒಲೆಯ ಬಳಿ ಕುಳಿತು ಆ ಹಿರಿಯರು ಹೇಳುತ್ತಿದ್ದರು. ಮಗನು ನನಗೆ ತಿಳಿಯುವ ಮಾತಿಗೆ ತಿರುಗಿಸುತ್ತಿದ್ದನು. ಎಣ್ಣೆಯ ಕೆಲಸ ಮುಗಿಯುತ್ತಲೇ ದ್ರಾಕ್ಷಿಯನ್ನು ಕತ್ತರಿಸುವ ಕಾಲ. ನಮ್ಮ ವಿಜಯಪುರದ ಬೆಳೆಗಾರರು ಇದನ್ನು ಚಾಟ್ನಿ ಎನ್ನುತ್ತಾರೆ. ಬಳ್ಳಿ ನಿದ್ದೆಹೋಗದ ನಮ್ಮ ಬಿಸಿನಾಡಿನಲ್ಲಿ ಅದು ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ನಡೆಯುವ ಕೆಲಸ. ಗ್ರೀಸಿನಲ್ಲಿ ಚಳಿಗೆ ಎಲೆಯುದುರಿಸಿ ಮಲಗಿದ ಬಳ್ಳಿಯನ್ನು ಒಮ್ಮೆ ಕತ್ತರಿಸಿದರಾಯಿತು. ಆದರೆ ಆ ಒಮ್ಮೆಯಲ್ಲಿಯೇ ಎಲ್ಲ ಜಾಣ್ಮೆಯೂ ಅಡಗಿದೆ. ಎಷ್ಟು ಕಣ್ಣು ಉಳಿಸಬೇಕು ಎಂಬುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಈ ಬಳ್ಳಿ ಹೋದ ವರ್ಷ ಎಷ್ಟು ದಣಿಯಿತು ಎಂಬುದನ್ನು ನೆನಪಿಟ್ಟವನಿಗೆ ಮಾತ್ರ ಅದು ತಿಳಿಯುತ್ತದೆ. ಫೆಬ್ರವರಿ 1 ದ್ರಾಕ್ಷಿತೋಟಗಳನ್ನು ಕಾಯುವ ಸಂತ ತ್ರಿಫೋನನ ಹಬ್ಬ. ವಸಂತದಲ್ಲಿ ಚಿಗುರು, ಚಿಗುರಿನ ಬೆನ್ನಿಗೇ ರೋಗದ ಭಯ. ಮೇ ತಿಂಗಳಲ್ಲಿ ಎಣ್ಣೆಮರಕ್ಕೆ ನವಿರಾದ ಬಿಳಿಯ ಹೂ ಬರುತ್ತದೆ. ನೂರು ಹೂವಿಗೆ ಒಂದೆರಡು ಕಾಯಿ ನಿಂತರೆ ಹೆಚ್ಚು. ಒಂದು ದಿನದ ಬಿಸಿಗಾಳಿ ಅಷ್ಟನ್ನೂ ಒಯ್ಯಬಹುದು. ಆಗಸ್ಟ್ 6ರಂದು ಮೊದಲ ಗೊಂಚಲನ್ನು ಚರ್ಚಿಗೆ ಒಯ್ದು ಹರಸಿಸಿಕೊಂಡು ಬರುತ್ತಾರೆ. ಸೆಪ್ಟೆಂಬರಿನಲ್ಲಿ ಕೊಯ್ಲು, ನೆಂಟರಿಷ್ಟರೆಲ್ಲ ಬಂದು ಕೈಹಾಕಬೇಕು. ಹಿಂಡಿದ ರಸದ ಹೆಚ್ಚಿನ ಭಾಗ ಪೀಪಾಯಿಗೆ ಹೋದರೆ, ಒಂದು ಪಾಲನ್ನು ಕುದಿಸಿ ಪೆತಿಮೇಝಿ ಎಂಬ ಕಪ್ಪು ಪಾಕ ಮಾಡುತ್ತಾರೆ. ನಾನು ಮದ್ಯದ ಬಟ್ಟಲನ್ನು ಮುಟ್ಟಿ ಕೆಳಗಿಟ್ಟವನು. ಆದರೆ ಈ ಪಾಕ ನಮ್ಮ ಜೋನಿಬೆಲ್ಲದ ಒಡಹುಟ್ಟು ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ರಸ ಹೋದ ಸಿಪ್ಪೆಯನ್ನೂ ಬಿಡದೆ ಭಟ್ಟಿಯಿಳಿಸುವ ಹೊತ್ತಿಗೆ ಮತ್ತೆ ಎಣ್ಣೆಮರದಡಿ ಬಲೆ ಹಾಸುವ ಕಾಲ ಬಂದಿರುತ್ತದೆ.

ಈ ಪಂಚಾಂಗ ಹೊಸದಲ್ಲ. ಕ್ರಿಸ್ತಪೂರ್ವ 700ರ ಸುಮಾರಿನ ಕವಿ ಹೆಸಿಯೊಡ್ ಒಕ್ಕಲುತನದ ಮೇಲೆಯೇ ಒಂದು ಕಾವ್ಯ ಬರೆದನು. ಅವನು ತಿಂಗಳು ಹೇಳುವುದಿಲ್ಲ, ನಕ್ಷತ್ರ ಹೇಳುತ್ತಾನೆ. ಕೃತ್ತಿಕೆ ಮುಂಜಾನೆ ಮೂಡುವಾಗ ಪೈರು ಕೊಯ್ಯಿ, ಮುಳುಗುವಾಗ ಉಳು. ಚಳಿಗಾಲದ ಸಂಕ್ರಮಣ ಕಳೆದು ಅರುವತ್ತು ದಿನಕ್ಕೆ ಸ್ವಾತಿ ಮುಸ್ಸಂಜೆ ಮೂಡಿದ ಮೇಲೆ, ಬಾನಕ್ಕಿ ಬರುವ ಮುಂಚೆ, ದ್ರಾಕ್ಷಿಯನ್ನು ಕತ್ತರಿಸು. ಮಹಾವ್ಯಾಧನೂ ಲುಬ್ಧಕವೂ ನಡುಬಾನಿಗೆ ಬಂದು ಉಷೆಯು ಸ್ವಾತಿಯನ್ನು ಕಾಣುವಾಗ ಗೊಂಚಲು ಕೊಯ್ಯಿ ಎಂಬುದು ಅವನ ಉಪದೇಶದ ಸಾರ. ನಮ್ಮ ರೈತರ ಮಳೆನಕ್ಷತ್ರಗಳ ಎಣಿಕೆ ಬೇರೆ. ಅದು ಸೂರ್ಯನು ಆಯಾ ನಕ್ಷತ್ರದಲ್ಲಿರುವ ಅವಧಿಯನ್ನು ಹಿಡಿದದ್ದು, ಅವನದು ಕಣ್ಣಿಗೆ ಕಾಣುವ ಉದಯಾಸ್ತಗಳನ್ನು ಹಿಡಿದದ್ದು. ಆದರೂ ಕೃತ್ತಿಕೆ ಸ್ವಾತಿಗಳನ್ನು ನೋಡಿ ಬೇಸಾಯ ಮಾಡಿದ ಎರಡು ಜನಾಂಗಗಳ ನಡುವೆ, ಪರಸ್ಪರ ಅರಿಯದ ಒಂದು ನೆರೆಹೊರೆಯ ಸಂಬಂಧವಿದೆಯೆಂದು ನನಗೆ ತೋರುತ್ತದೆ.

ಇನ್ನೂ ಹತ್ತಿರದ ಸಂಬಂಧವೊಂದು ಆ ಮನೆಯ ಕೊಟ್ಟಿಗೆಯಲ್ಲಿಯೇ ಸಿಕ್ಕಿತು. ಗೋಡೆಯ ಮೊಳೆಗೆ ತೂಗುಹಾಕಿದ್ದ ಸಿಂಪರಣೆಯ ಡಬ್ಬಿ, ಅದರ ಹಿಂದಿನ ಗೋಡೆ, ನೆಲ, ಎಲ್ಲವೂ ತಿಳಿನೀಲಿ. ಅದು ಯಾವುದೆಂದು ನಾನು ಕೇಳಬೇಕಾಗಿರಲಿಲ್ಲ. ಮೈಲುತುತ್ತ ಮತ್ತು ಸುಣ್ಣ: ನಾನು ಹುಟ್ಟಿದ ತೀರ್ಥಹಳ್ಳಿ ಸೀಮೆಯ ಪ್ರತಿಯೊಂದು ಅಡಿಕೆ ಮನೆಯ ಅಂಗಳದಲ್ಲಿಯೂ ಇರುವ ಬಣ್ಣ ಅದು. ಅಮೆರಿಕದಿಂದ ಬಂದ ಬೂಷ್ಟು ರೋಗದಿಂದ ಫ್ರಾನ್ಸಿನ ದ್ರಾಕ್ಷಿ ಸಾಯುತ್ತಿದ್ದಾಗ ಬೋರ್ಡೋ ನಗರದ ಮಿಲ್ಲಾರ್ಡೆ 1885ರಲ್ಲಿ ಪ್ರಕಟಿಸಿದ ಮದ್ದು ಇದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದು ಹಚ್ಚಿದರು. ದ್ರಾಕ್ಷಿಯ ಮದ್ದಿನಿಂದ ಉಳಿದ ಅಡಿಕೆಯ ಹಣದಲ್ಲಿ ಓದಿದವನು ನಾನು. ಆ ನೀಲಿ ಗೋಡೆಯ ಮುಂದೆ ನಿಂತಾಗ, ಪರದೇಶದಲ್ಲಿ ಇದ್ದೇನೆಂಬುದೇ ಒಂದು ಕ್ಷಣ ಮರೆತುಹೋಯಿತು. ಮಳೆಗಾಲಕ್ಕೆ ಮುಂಚೆ ನೀಲಿಯಾದ ಅಪ್ಪಯ್ಯನ ಕೈಗಳು ಕಣ್ಣ ಮುಂದೆ ಬಂದವು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಹೋಮರನ ಒಡಿಸ್ಸಿಯನ್ನು ಓದಿದವರಿಗೆ ಯೂಲಿಸಿಸನ ಮಂಚದ ಪ್ರಸಂಗ ಗೊತ್ತು. ಇಪ್ಪತ್ತು ವರ್ಷಗಳ ಮೇಲೆ ಮನೆಗೆ ಮರಳಿದವನು ನಿಜವಾಗಿ ತನ್ನ ಗಂಡನೇ ಎಂದು ಹೆಂಡತಿ ಪರೀಕ್ಷಿಸುತ್ತಾಳೆ. ಬೇರೂರಿ ನಿಂತ ಎಣ್ಣೆಮರವನ್ನೇ ಕಾಲಾಗಿ ಕೆತ್ತಿ ಕಟ್ಟಿದ, ಕದಲಿಸಲಾಗದ ಮಂಚದ ಗುಟ್ಟನ್ನು ಹೇಳಿ ಅವನು ಗೆಲ್ಲುತ್ತಾನೆ. ಆದರೆ ಅದರ ಮುಂದಿನ ಸರ್ಗದಲ್ಲಿ ಇನ್ನೊಂದು ಪರೀಕ್ಷೆ ಇದೆ. ಮುದುಕನಾದ ತಂದೆ ಲಾಯರ್ತಿಸ್ ತೋಟದಲ್ಲಿ ಒಬ್ಬನೇ ಒಂದು ಗಿಡದ ಬುಡ ಬಿಡಿಸುತ್ತಿರುತ್ತಾನೆ. ನೀನು ನನ್ನ ಮಗನೆಂಬುದಕ್ಕೆ ಗುರುತೇನು ಎಂದು ಕೇಳುತ್ತಾನೆ. ಮಗನು ಮೊದಲು ಕಾಲಿನ ಗಾಯದ ಕಲೆಯನ್ನು ತೋರಿಸುತ್ತಾನೆ. ಆಮೇಲೆ, ತಾನು ಹುಡುಗನಾಗಿದ್ದಾಗ ತಂದೆಯ ಬೆನ್ನು ಹಿಡಿದು ತೋಟದಲ್ಲಿ ಅಲೆದು, ಒಂದೊಂದು ಗಿಡದ ಹೆಸರನ್ನೂ ಕೇಳಿ ತಿಳಿದುದನ್ನು ನೆನಪಿಸಿ, ಅಂದು ತನಗೆಂದು ಕೊಟ್ಟ ಮರಗಳ ಲೆಕ್ಕವನ್ನು ಒಪ್ಪಿಸುತ್ತಾನೆ: ಹದಿಮೂರು ಪೇರು, ಹತ್ತು ಸೇಬು, ನಲವತ್ತು ಅಂಜೂರ, ಒಂದೊಂದೂ ಬೇರೆ ಬೇರೆ ಕಾಲಕ್ಕೆ ಮಾಗುವ ಐವತ್ತು ಸಾಲು ದ್ರಾಕ್ಷಿ. ಆ ಲೆಕ್ಕವನ್ನು ಕೇಳಿ ಮುದುಕನ ಮೊಣಕಾಲು ಕುಸಿಯುತ್ತದೆ.

ಟ್ರಾಯ್ ನಗರವನ್ನು ಗೆದ್ದವನಿಗೆ ತಂದೆಯ ಮುಂದೆ ಕೆಲಸಕ್ಕೆ ಬಂದುದು ಆ ಗೆಲುವಲ್ಲ, ತೋಟದ ಲೆಕ್ಕ. ಈ ಪ್ರಸಂಗವನ್ನು ನಾನು ತರಗತಿಯಲ್ಲಿ ಹಲವು ಸಲ ಹೇಳಿದ್ದೇನೆ. ಆದರೆ ಮೆಸ್ಸೀನಿಯಾದ ಇಳಿಜಾರಿನಲ್ಲಿ ಆ ತರುಣನು ತಂದೆಗೆ, "ಮೇಲಿನ ತುಂಡಿನಲ್ಲಿ ಅರುವತ್ತೆರಡು ಮರ" ಎಂದು ಹೇಳಿದಾಗ, ತಂದೆ ತಲೆಯೆತ್ತದೆ, "ಅರುವತ್ತೊಂದು, ಬಾವಿಯ ಬಳಿಯದು ನೀನು ಜರ್ಮನಿಯಲ್ಲಿದ್ದಾಗ ಹೋಯಿತು" ಎಂದುತ್ತರಿಸಿದಾಗ, ಆ ಪ್ರಸಂಗ ಕಾವ್ಯವಲ್ಲ, ಆ ನಾಡಿನ ನಿತ್ಯದ ಮಾತು ಎಂಬುದು ನನಗೆ ಮೊದಲ ಬಾರಿಗೆ ಹೊಳೆಯಿತು.

ಸಣ್ಣ ತೋಟದ ಬಾಳನ್ನು ಸ್ವರ್ಗವೆಂದು ಬಣ್ಣಿಸುವ ಉದ್ದೇಶ ನನಗಿಲ್ಲ. ಆ ಸೀಮೆಯ ಚರಿತ್ರೆಯೇ ಅದನ್ನು ತಡೆಯುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರುಹುಳು ಫ್ರಾನ್ಸಿನ ದ್ರಾಕ್ಷಿಯನ್ನು ತಿಂದುಹಾಕಿದಾಗ, ಮದ್ಯಕ್ಕಾಗಿ ಗ್ರೀಸಿನ ಒಣದ್ರಾಕ್ಷಿಗೆ ಬೇಡಿಕೆ ಉಕ್ಕಿತು. ಆ ಆಸೆಗೆ ದಕ್ಷಿಣ ಗ್ರೀಸಿನ ರೈತರು ಸಾಲಮಾಡಿ ದ್ರಾಕ್ಷಿ ಹಾಕಿದರು. ಅಮೆರಿಕದ ಬೇರಿಗೆ ಕಸಿಕಟ್ಟಿ ಫ್ರಾನ್ಸಿನ ತೋಟಗಳು ಚೇತರಿಸಿಕೊಂಡ ಕೂಡಲೇ ಬೇಡಿಕೆ ನಿಂತಿತು, ಬೆಲೆ ಕುಸಿಯಿತು; 1893ರಲ್ಲಿ ಗ್ರೀಸ್ ಸರ್ಕಾರವೇ ದಿವಾಳಿಯಾಯಿತು. ಆ ಹಳ್ಳಿಗಳ ತರುಣರು ಗುಂಪುಗುಂಪಾಗಿ ಅಮೆರಿಕದ ಹಡಗು ಹತ್ತಿದರು. 2010ರಿಂದೀಚಿನ ಆರ್ಥಿಕ ಮುಗ್ಗಟ್ಟಿನಲ್ಲಿ ಓದಿದ ಮಕ್ಕಳು ಮತ್ತೆ ಹೊರಟರು; ನನ್ನ ಶಿಷ್ಯನೂ ಅವರಲ್ಲೊಬ್ಬ. "ಹೋಗೆಂದು ನಾನೇ ಹೇಳಿದೆ. ಈ ತೋಟ ಒಬ್ಬ ಮುದುಕನಿಗೆ ಸಾಕು, ಒಂದು ಸಂಸಾರಕ್ಕೆ ಸಾಲದು" ಎಂದು ಆ ತಂದೆಯವರು ಯಾವ ಕಹಿಯೂ ಇಲ್ಲದೆ ನನಗೆ ಹೇಳಿದರು.

ಆದುದರಿಂದ, ಹೊಟ್ಟೆಗೆ ಸಾಲದ ನೆಲಕ್ಕೆ ಮಕ್ಕಳನ್ನು ಕಟ್ಟಿಹಾಕಬೇಕೆಂದು ನಾನು ಹೇಳಲಾರೆ. ಪೇಟೆಯಲ್ಲಿ ಸಂಬಳ ಎಣಿಸುವ ನನ್ನಂಥವನ ಬಾಯಲ್ಲಿ ಆ ಉಪದೇಶ ಸಲ್ಲುವುದೂ ಇಲ್ಲ. ಯೂಲಿಸಿಸನೂ ಹೋದವನೇ. ಅವನು ಇಪ್ಪತ್ತು ವರ್ಷ ಹೊರಗಿದ್ದರೂ ಲೆಕ್ಕವನ್ನು ಮರೆಯಲಿಲ್ಲ ಎಂಬುದಷ್ಟೇ ಅವನ ಹೆಚ್ಚುಗಾರಿಕೆ. ನಮ್ಮಲ್ಲಿ ಇಂದು ನಡೆಯುತ್ತಿರುವುದು ಬೇರೆ. ತಂದೆಯ ಹೆಸರಿನ ಪಹಣಿ ಮಗನ ಹೆಸರಿಗೆ ಬದಲಾಗುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಎಲ್ಲವೂ ಸರಿಯಾಗಿರುತ್ತವೆ. ಯಾವ ಮರ ಯಾವಾಗ ಫಲ ಕೊಡುತ್ತದೆ, ಯಾವ ಮೂಲೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಯಾವುದನ್ನು ಅಜ್ಜ ನೆಟ್ಟರು, ಯಾವುದು ತಾನಾಗಿ ಹುಟ್ಟಿತು ಎಂಬ ಇನ್ನೊಂದು ದಾಖಲೆ ಯಾವ ಕಚೇರಿಯಲ್ಲಿಯೂ ಇಲ್ಲ. ಅದು ಇರುವುದು ಒಬ್ಬ ಮುದುಕನ ನೆನಪಿನಲ್ಲಿ. ಅವನೊಂದಿಗೆ ಅದು ಸುಟ್ಟುಹೋದರೆ, ಉಳಿದದ್ದನ್ನು ನಾವು ಆಸ್ತಿಯೆನ್ನಬಹುದು, ತೋಟವೆನ್ನಲಾಗದು.

ಎಣ್ಣೆಮರ ಸುಟ್ಟರೂ ಸಾಯುವುದಿಲ್ಲ ಎಂಬ ನಂಬಿಕೆ ಗ್ರೀಕರಲ್ಲಿ ಹಳೆಯದು. ಕ್ರಿಸ್ತಪೂರ್ವ 480ರಲ್ಲಿ ಪಾರಸಿಕರು ಅಥೆನ್ಸಿನ ಗುಡ್ಡದ ಮೇಲಿನ ಪವಿತ್ರವೃಕ್ಷವನ್ನು ಸುಟ್ಟರೆಂದೂ, ಮರುದಿನವೇ ಅದರ ಬುಡದಲ್ಲಿ ಮೊಳದುದ್ದದ ಚಿಗುರು ಕಂಡಿತೆಂದೂ ಹೆರೊಡೊಟಸ್ ಬರೆದಿದ್ದಾನೆ. 2007ರ ಆಗಸ್ಟಿನ ಕಾಳ್ಗಿಚ್ಚಿನಲ್ಲಿ ಮೆಸ್ಸೀನಿಯಾದ ನೆರೆಯ ಇಲಿಯಾ ಸೀಮೆಯಲ್ಲಿ ಜನರೂ ಸತ್ತರು, ಎಣ್ಣೆಮರಗಳೂ ಅಪಾರವಾಗಿ ಸುಟ್ಟವು. ಸುಟ್ಟ ಬುಡದಿಂದ ಚಿಗುರು ಬರುವುದೇನೋ ನಿಜ. ಆದರೆ ಹತ್ತಾರು ಚಿಗುರಿನಲ್ಲಿ ಯಾವುದನ್ನು ಉಳಿಸಿ ಯಾವುದನ್ನು ಕಡಿಯಬೇಕೆಂದು ತಿಳಿದವನು, ಅದು ಫಲಕ್ಕೆ ಬರುವವರೆಗೆ ವರ್ಷಗಟ್ಟಲೆ ಕಾಯುವವನು, ಹತ್ತಿರ ಇರಬೇಕು. ಇಲ್ಲವಾದರೆ ಅದು ಪೊದೆಯಾಗುತ್ತದೆ. ಮರದ ಅಮರತ್ವಕ್ಕೂ ಮನುಷ್ಯನ ನೆನಪು ಬೇಕೇ ಬೇಕು.

ಇಷ್ಟು ಬರೆದವನು ತನ್ನ ಮನೆಯ ಮಾತನ್ನು ಮುಚ್ಚಿಡಬಾರದು. ನಮ್ಮ ಅಪ್ಪಯ್ಯನಿಗೆ ಎಪ್ಪತ್ತೆಂಟು ವರ್ಷ. ಎರಡೂವರೆ ಎಕರೆ ಅಡಿಕೆ ತೋಟ, ಅಡಿಕೆಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಕೊನೆ ಇಳಿಸುವವರು ಸಿಗುವುದಿಲ್ಲ; ಈಚಿನ ವರ್ಷಗಳಲ್ಲಿ ಕೊಳೆಯ ಜೊತೆಗೆ ಎಲೆಚುಕ್ಕೆ ರೋಗವೂ ಸೇರಿದೆ. ತೋಟವನ್ನು ಕೊಂಡು ಪ್ರವಾಸಿಗರಿಗೆ ತಂಗುಮನೆ ಕಟ್ಟುತ್ತೇವೆಂದು ಬಂದವರಿಗೆ ನಾನು ಗ್ರೀಸಿಗೆ ಹೊರಡುವ ಮುನ್ನ ಅರ್ಧ ಒಪ್ಪಿಗೆಯನ್ನೂ ಕೊಟ್ಟಿದ್ದೆ. ಮರಳಿದ ಮೇಲೆ, ಡಿಸೆಂಬರಿನಲ್ಲಿ, ಊರಿಗೆ ಹೋಗಿ ವಿಷಯವನ್ನು ತಿಳಿಸಿದೆ. ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದು, "ಮಾರುವುದಾದರೆ ಮಾರು. ಆದರೆ ಏನನ್ನು ಮಾರುತ್ತಿದ್ದೀಯೆಂದು ಒಂದು ಸಲ ನೋಡಿಕೊಂಡು ಮಾರು" ಎಂದು ಹೇಳಿ, ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದರು.

ದಾರಿಯಲ್ಲಿ ನಾನು ಪರೀಕ್ಷೆಗೆ ಕುಳಿತ ಹುಡುಗನಂತೆ ಲೆಕ್ಕ ಒಪ್ಪಿಸಿದೆ. ಹಲಸು ಆರು ಎಂದೆ, ಒಂಬತ್ತು ಇದ್ದವು. ಬಕ್ಕೆಯೆಂದು ನಾನು ನಲವತ್ತು ವರ್ಷ ತಿಳಿದಿದ್ದ ಮರ ಅಂಬಲಿಯಾಗಿತ್ತು. ಹಳ್ಳದ ದಂಡೆಯ ಅಪ್ಪೆಮಿಡಿಯ ಮಾವಿನ ಮರವನ್ನು ಹೆಮ್ಮೆಯಿಂದ ಹೆಸರಿಸಿದೆ. ಪ್ರತಿವರ್ಷ ಮೈಸೂರಿನ ನಮ್ಮ ಮನೆಗೆ ಬರುವ ಉಪ್ಪಿನಕಾಯಿ ಅದರದೇ ಎಂದು ನಂಬಿದ್ದೆ. ಅಪ್ಪಯ್ಯ ನನ್ನನ್ನು ಅಲ್ಲಿಗೇ ಕರೆದೊಯ್ದರು. ಮರ ಎರಡು ಮಳೆಗಾಲದ ಹಿಂದೆಯೇ ಬುಡಸಹಿತ ಹಳ್ಳಕ್ಕೆ ಉರುಳಿತ್ತು. ಉಪ್ಪಿನಕಾಯಿಯ ಮಿಡಿಯನ್ನು ಅವರು ನೆರೆಯವರಿಂದ ಕೊಂಡು, ನನಗೆ ಹೇಳದೆ, ಹಾಕಿ ಕಳಿಸುತ್ತಿದ್ದರು.

ಯೂಲಿಸಿಸನ ಪರೀಕ್ಷೆಯಲ್ಲಿ ನಾನು ಹೀಗೆ ಸೋತೆ. ಅಪ್ಪಯ್ಯ ಆ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ತೋಟ ಕೊಳ್ಳಲು ಬಂದವರಿಗೆ ಒಂದು ವರ್ಷ ತಡೆಯಿರೆಂದು ಹೇಳಿದ್ದೇನೆ. ಏಕೆಂದರೆ ತೋಟವೆಂಬುದನ್ನು ಒಂದು ದಿನ ನೋಡಿ ತಿಳಿಯಲಾಗದು, ಅದಕ್ಕೆ ಎಲ್ಲ ಋತುಗಳೂ ಒಮ್ಮೆ ಸುತ್ತಿ ಬರಬೇಕು. ಆಮೇಲೆ ಮಾರುತ್ತೇನೋ ಇಲ್ಲವೋ, ಈಗ ಹೇಳಲಾರೆ. ತರಗತಿಯ ಹಾಜರಿಪುಸ್ತಕದಂತಹ ಒಂದು ದಪ್ಪ ಪುಸ್ತಕವನ್ನು ಕೊಂಡು, ತಿಂಗಳಿಗೊಮ್ಮೆ ಊರಿಗೆ ಹೋಗಿ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೇನೆ. ಹಳ್ಳಿಯಲ್ಲಿ ತಂದೆತಾಯಂದಿರನ್ನು ಬಿಟ್ಟು ಪೇಟೆಗೆ ಬಂದ ನನ್ನ ಓದುಗ ಮಿತ್ರರೂ ಇಂಥದೊಂದು ಪುಸ್ತಕವನ್ನು ತೆರೆಯಲಿ ಎಂಬುದೇ ಈ ಬರಹದ ಪ್ರಾರ್ಥನೆ. ಕೆಲಸ ಕಷ್ಟದ್ದೇನಲ್ಲ; ಹೇಳುವವರು ಇರುವಾಗಲೇ ಮಾಡಬೇಕಾದದ್ದು, ಅಷ್ಟೆ. ನನ್ನ ಪುಸ್ತಕದಲ್ಲಿ ಹಲಸು, ಮಾವು, ಮುರುಗಲು, ನಿಂಬೆಗಳ ಪುಟ ತುಂಬಿವೆ. ಅಡಿಕೆಯನ್ನು ಇನ್ನೂ ಎಣಿಸಿಲ್ಲ.